ಪೊರೆ ಹಾಯಿಸಿ ಆಲ್ಕೊಹಾಲ್‌ನಿಂದ ನೀರು ತೆಗೆಯುವುದು: ಪಿವಿಎ ಪೊರೆ ಎರೆಯುವುದರಿಂದ ಡಿಸ್ಟಿಲರಿ ಲೆಕ್ಕದವರೆಗೆ

ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ, ಇಂಡಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಸಕ್ಕರೆಯ ಜೊತೆಗೆ ಎಥೆನಾಲ್ ಲೆಕ್ಕವೂ ಶುರುವಾಗುತ್ತದೆ. ಕಾಕಂಬಿ ಹುಳಿ ಬಂದು, ಬಟ್ಟಿಯ ಕಂಬ ಹತ್ತಿ ಇಳಿದ ಸ್ಪಿರಿಟ್ಟಿನಲ್ಲಿ ಗಾತ್ರದ ಲೆಕ್ಕದಲ್ಲಿ ಶೇ. 95ರಷ್ಟು ಆಲ್ಕೊಹಾಲ್ ಇರುತ್ತದೆ. ಪೆಟ್ರೋಲಿಗೆ ಬೆರೆಸಲು ಬೇಕಾಗಿರುವುದು ಶೇ. 99.6. ಈ ನಾಲ್ಕೂವರೆ ಶೇಕಡಾ ಬರಿಯ ಬಟ್ಟಿ ಇಳಿಸುವಿಕೆಗೆ ದಕ್ಕುವುದಿಲ್ಲ. ತೂಕದ ಲೆಕ್ಕದಲ್ಲಿ ಎಥೆನಾಲ್ ಶೇ. 95.6ಕ್ಕೆ ಬಂದು ನಿಂತಾಗ ದ್ರವದಲ್ಲಿ ಎಷ್ಟು ನೀರಿದೆಯೋ ಮೇಲೇಳುವ ಆವಿಯಲ್ಲೂ ಅಷ್ಟೇ ನೀರಿರುತ್ತದೆ. ಇದಕ್ಕೆ ಅಜಿಯೋಟ್ರೋಪ್ ಎನ್ನುತ್ತಾರೆ. ಕಂಬಕ್ಕೆ ಇನ್ನೂ ಹತ್ತು ತಟ್ಟೆ ಸೇರಿಸಿದರೂ ಈ ಗಡಿ ಕದಲದು.

ಇಂದು ಹೆಚ್ಚಿನ ಡಿಸ್ಟಿಲರಿಗಳು ಈ ಗಡಿಯನ್ನು ನೀರನ್ನು ಹೀರಿ ಹಿಡಿಯುವ 3ಎ ಮಾಲಿಕ್ಯುಲರ್ ಸೀವ್ ಮಣಿಗಳಿಂದ ದಾಟುತ್ತವೆ. ಇನ್ನೊಂದು ದಾರಿ ಪಾಲಿಮರ್ ಪೊರೆ. ದ್ರವ ಪೊರೆಯ ಒಂದು ಬದಿಗೆ ತಾಗಿರುತ್ತದೆ, ಇನ್ನೊಂದು ಬದಿಯಲ್ಲಿ ನಿರ್ವಾತ ಎಳೆಯುತ್ತಿರುತ್ತದೆ, ನೀರು ಪೊರೆಯೊಳಗೆ ಕರಗಿ ಆಚೆ ಬದಿಯಲ್ಲಿ ಆವಿಯಾಗಿ ಹೊರಬರುತ್ತದೆ. ಇದರ ಹೆಸರು ಪರ್ವೇಪರೇಶನ್. 1917ರಲ್ಲೇ ಬಳಕೆಗೆ ಬಂದ ಪದ. ಕಾರ್ಖಾನೆ ಗಾತ್ರದಲ್ಲಿ ಇದು ನಿಂತದ್ದು 1980ರ ದಶಕದಲ್ಲಿ, ಜರ್ಮನಿಯಲ್ಲಿ ರೂಪುಗೊಂಡ, ಪಿವಿಎ ಎಂಬ ಪಾಲಿಮರಿನ ಪೊರೆಗಳಿಂದ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳ ರಸಾಯನ ಮತ್ತು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಡಿಸ್ಟಿಲರಿಯ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಈ ಬರಹ. ಹೆಚ್ಚಿನವರು ಪೊರೆಯ ಪಾಲಿಮರ್ ಬದಲಿಸುತ್ತ ತಿಂಗಳು ಕಳೆಯುತ್ತಾರೆ. ತಪ್ಪು ಮಾತ್ರ ಪೊರೆಯ ಆಚೆ ಬದಿಯಲ್ಲಿ, ಅಂದರೆ ನಿರ್ವಾತ, ಟ್ರ್ಯಾಪ್ (ಹಾದುಬಂದ ಆವಿಯನ್ನು ತಣಿಸಿ ಹಿಡಿಯುವ ಪಾತ್ರೆ) ಮತ್ತು ತೂಕದಲ್ಲಿ ಕೂತಿರುತ್ತದೆ. ಆದ್ದರಿಂದ ಆ ಭಾಗಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ಒಂದು ಮಾತು. ರೆಕ್ಟಿಫೈಡ್ ಸ್ಪಿರಿಟ್ಟಾಗಲಿ (ಮೇಲೆ ಹೇಳಿದ ಶೇ. 95ರದು) ಅಬ್ಸಲ್ಯೂಟ್ ಆಲ್ಕೊಹಾಲ್ (ನೀರು ತೆಗೆದದ್ದು) ಆಗಲಿ ಅಬಕಾರಿ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಈ ವಿಧಾನದಿಂದ ಬಂದದ್ದು ಕುಡಿಯಲು ಯೋಗ್ಯವೂ ಅಲ್ಲ, ಪೊರೆ ಗಟ್ಟಿಮಾಡಲು ಬಳಸಿ ಅದರಲ್ಲೇ ಉಳಿದ ಗ್ಲುಟರಾಲ್ಡಿಹೈಡ್ ವಿಷ. ಕೈ ಪಳಗುವವರೆಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಅಂದರೆ ಐಪಿಎ ಬಳಸಿ. ಅದಕ್ಕೂ ನೀರಿಗೂ ಇಂಥದೇ ಜಗಳಗಂಟಿ ಸಂಬಂಧ: ತೂಕದಲ್ಲಿ ಸುಮಾರು ಶೇ. 88ಕ್ಕೆ ಅಜಿಯೋಟ್ರೋಪ್, ಕುದಿಬಿಂದು 80 ಡಿಗ್ರಿ ಆಸುಪಾಸು. ಅಣು ದೊಡ್ಡದಾದ್ದರಿಂದ ಪೊರೆ ಅದನ್ನು ಎಥೆನಾಲ್‌ಗಿಂತ ಚೆನ್ನಾಗಿ ತಡೆಯುತ್ತದೆ. ಕಲಿಯುವವರಿಗೆ ಇದೇ ಒಳ್ಳೆಯ ಆರಂಭ.

ಪೊರೆ ಹೇಗೆ ಆರಿಸುತ್ತದೆ

ಇದು ಜರಡಿಯಲ್ಲ. ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೊಹಾಲ್‌ನ ದಟ್ಟ ಪೊರೆಯಲ್ಲಿ ಕಾಣುವಂಥ ರಂಧ್ರಗಳಿಲ್ಲ. ಸರಪಳಿಯುದ್ದಕ್ಕೂ ಹೈಡ್ರಾಕ್ಸಿಲ್ ಗುಂಪುಗಳಿರುವುದರಿಂದ ನೀರು ಅವಕ್ಕೆ ಅಂಟಿ ಒಳಗೆ ಕರಗುತ್ತದೆ. ಒಳಗೆ ಹೋದ ಮೇಲೆ ಸರಪಳಿಗಳ ನಡುವೆ ಸರಿದಾಡುತ್ತ ಆಚೆ ಬದಿ ಸೇರಬೇಕು. ಸಣ್ಣ ಅಣು ಬೇಗ ಸರಿಯುತ್ತದೆ. ನೀರಿನ ಅಣುವಿನ ಅಡ್ಡಳತೆ 0.26 ನ್ಯಾನೊಮೀಟರ್ ಸುಮಾರು, ಎಥೆನಾಲ್‌ನದು 0.43, ಐಪಿಎಯದು 0.47. ಕರಗುವುದರಲ್ಲೂ ಸರಿಯುವುದರಲ್ಲೂ ನೀರಿಗೇ ಮೇಲುಗೈ.

ತೊಡಕು ಒಂದೇ. ನೀರು ಹೆಚ್ಚು ಕುಡಿದ ಪೊರೆ ಉಬ್ಬುತ್ತದೆ, ಉಬ್ಬಿದಾಗ ಸರಪಳಿಗಳ ನಡುವೆ ಸಡಿಲಾಗುತ್ತದೆ, ಆ ಸಡಿಲಿನಲ್ಲಿ ಆಲ್ಕೊಹಾಲ್ ಕೂಡ ನುಸುಳುತ್ತದೆ. ಆದ್ದರಿಂದ ಸರಪಳಿಗಳನ್ನು ಅಲ್ಲಲ್ಲಿ ಗಂಟು ಹಾಕಬೇಕು. ಇದೇ ಕ್ರಾಸ್‌ಲಿಂಕಿಂಗ್. ಗಂಟು ಕಡಿಮೆಯಾದರೆ ಪೊರೆ ಹಾಲಲ್ಲಿ ನೆನೆದ ರೊಟ್ಟಿಯಂತೆ ಜೋಲುತ್ತದೆ. ಹೆಚ್ಚಾದರೆ ಕಟಕ ರೊಟ್ಟಿಯಂತೆ ಮಡಿಸಿದ ಕೂಡಲೇ ಮುರಿಯುತ್ತದೆ.

ಪಿವಿಎ ಕರಗಿಸುವುದು

ಶೇ. 98-99 ಹೈಡ್ರಾಲಿಸಿಸ್ ಆದ, ಅಣುತೂಕ 1,25,000 ಆಸುಪಾಸಿನ ಪುಡಿ ಕೇಳಿ ತನ್ನಿ. ಅಂಗಡಿಯಲ್ಲಿ ಗೋಂದಿನ ಕೆಲಸಕ್ಕೆ ಮಾರುವ ಶೇ. 88ರ ಪುಡಿ ಬೇಗ ಕರಗುತ್ತದೆ, ಆದರೆ ಅದರ ಪೊರೆ ವಿಪರೀತ ಉಬ್ಬುತ್ತದೆ. ಬೇಡ.

10 ಗ್ರಾಂ ಪುಡಿ, 190 ಗ್ರಾಂ ಡಿಸ್ಟಿಲ್ಡ್ ನೀರು: ಶೇ. 5ರ ದ್ರಾವಣ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಅದನ್ನು ಯಾವ ಹಂತದಲ್ಲೂ ಸೇರಿಸಬೇಡಿ. ಪೊರೆ ಒಣಗಿದಾಗ ಆ ಉಪ್ಪು ಬಿಳಿ ಚುಕ್ಕೆಯಾಗಿ ಉಳಿಯುತ್ತದೆ, ಆ ಚುಕ್ಕೆಯ ಸುತ್ತಲೇ ಪೊರೆ ಸೀಳುತ್ತದೆ.

ಅಂಬಲಿ ಮಾಡುವಾಗ ಜೋಳದ ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಸುರಿಯುವುದಿಲ್ಲ; ಮೊದಲು ತಣ್ಣೀರಲ್ಲಿ ಕದಡಿಕೊಂಡು ಆಮೇಲೆ ಕಾಯಿಸುತ್ತೇವೆ. ಇಲ್ಲೂ ಅದೇ ಕ್ರಮ. ತಣ್ಣನೆಯ ನೀರನ್ನು ತಿರುವುತ್ತ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ, ಅರ್ಧ ಗಂಟೆ ಬಿಟ್ಟು, ನೀರಿನ ತೊಟ್ಟಿಯಲ್ಲಿಟ್ಟು ನಿಧಾನವಾಗಿ 85ರಿಂದ 90 ಡಿಗ್ರಿಗೆ ಏರಿಸಿ. ಬಿಸಿ ನೀರಿಗೆ ಪುಡಿ ಬಿದ್ದರೆ ಹೊರಮೈ ಅಂಟಾಗಿ ಒಳಗೆ ಒಣ ಪುಡಿ ಉಳಿದ ಗಂಟು ಕಟ್ಟುತ್ತದೆ, ಆಮೇಲೆ ಅದು ಎಷ್ಟು ತಿರುವಿದರೂ ಒಡೆಯುವುದಿಲ್ಲ. 90 ಡಿಗ್ರಿಯಲ್ಲಿ ನಾಲ್ಕೈದು ತಾಸು ತಿರುವಬೇಕು. ಕಾಯಿಸುವ ಮೊದಲು ಬೀಕರ್ ಸಮೇತ ತೂಗಿಟ್ಟುಕೊಂಡಿರಿ. ಕೊನೆಗೆ ಆವಿಯಾದಷ್ಟು ಬಿಸಿ ನೀರು ಸೇರಿಸಿ ತೂಕ ಸರಿಮಾಡಿ. ಇದನ್ನು ಬಿಟ್ಟರೆ ಶೇ. 5 ಎಂದುಕೊಂಡದ್ದು ಶೇ. 6 ಆಗಿರುತ್ತದೆ, ಪೊರೆಯ ದಪ್ಪದ ಲೆಕ್ಕವೇ ತಪ್ಪುತ್ತದೆ.

ಬಿಸಿ ಇರುವಾಗಲೇ ಎರಡು ಪದರ ಮಲ್ ಬಟ್ಟೆಯಲ್ಲಿ ಸೋಸಿ, ಮುಚ್ಚಿ, ರಾತ್ರಿಯಿಡೀ ಅಲುಗಿಸದೆ ಇಡಿ. ಗುಳ್ಳೆಗಳು ತಾವಾಗಿ ಮೇಲೆ ಬಂದು ಹೋಗುತ್ತವೆ. ಒಂದೇ ಒಂದು ಗುಳ್ಳೆ ಪೊರೆಯಲ್ಲಿ ಉಳಿದರೂ ಅದು ತೂತಿಗೆ ಸಮ.

ಎರೆಯುವುದು

20 ಸೆಂ.ಮೀ. ಉದ್ದ, ಅಷ್ಟೇ ಅಗಲದ ಚೌಕಟ್ಟು ಅಂಟಿಸಿದ ಪರ್ಸ್‌ಪೆಕ್ಸ್ ಹಾಳೆ ತೆಗೆದುಕೊಳ್ಳಿ. ಗಾಜೂ ಆದೀತು, ಆದರೆ ಪಿವಿಎ ಗಾಜಿಗೆ ಗಟ್ಟಿಯಾಗಿ ಹಿಡಿಯುತ್ತದೆ, ಬಿಡಿಸುವಾಗ ಪೊರೆ ಹರಿಯುವುದುಂಟು. ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಮಟ್ಟ ನೋಡಿ. 40 ಗ್ರಾಂ ದ್ರಾವಣ ಸುರಿದರೆ 400 ಚದರ ಸೆಂ.ಮೀ. ಮೇಲೆ ಸುಮಾರು 1 ಮಿ.ಮೀ. ಎತ್ತರ ನಿಲ್ಲುತ್ತದೆ. ಅದರಲ್ಲಿ ಪಿವಿಎ 2 ಗ್ರಾಂ, ಅದರ ಸಾಂದ್ರತೆ 1.27 ಹಿಡಿದರೆ ಒಣಗಿದ ಮೇಲೆ ದಪ್ಪ 40 ಮೈಕ್ರಾನ್ ಹತ್ತಿರ.

ಒಣಗಿಸುವುದರಲ್ಲಿ ಊರಿನ ಹವೆ ಕೈಯಾಡಿಸುತ್ತದೆ. ಏಪ್ರಿಲ್-ಮೇನಲ್ಲಿ ವಿಜಯಪುರ, ಬಾಗಲಕೋಟೆಯ 40 ಡಿಗ್ರಿ ಒಣ ಗಾಳಿಯಲ್ಲಿ ಮೇಲ್ಪದರ ಕೆನೆಗಟ್ಟಿ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ, ಅಂಚು ಸುರುಳಿಯಾಗಿ ಏಳುತ್ತದೆ. ಆಗ ತಟ್ಟೆಯನ್ನು ಮಲ್ ಬಟ್ಟೆ ಬಿಗಿದ ಡಬ್ಬಿಯಿಂದ ಮುಚ್ಚಿ ಆವಿಯನ್ನು ನಿಧಾನಗೊಳಿಸಿ. ಜುಲೈನಲ್ಲಿ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ನಾಲ್ಕು ದಿನವಾದರೂ ಅಂಟು ಹೋಗುವುದಿಲ್ಲ. ಆಗ 40 ಡಿಗ್ರಿಯ ಓವನ್ನೇ ಗತಿ. ಫ್ಯಾನ್ ಕೆಳಗೆ ಮಾತ್ರ ಯಾವ ಕಾಲದಲ್ಲೂ ಇಡಬೇಡಿ, ಒಂದು ಬದಿ ದಪ್ಪ, ಒಂದು ಬದಿ ತೆಳು ಆಗುತ್ತದೆ.

ಬಿಡಿಸಿದ ಪೊರೆಯ ದಪ್ಪವನ್ನು ಮೈಕ್ರೋಮೀಟರ್ ಸ್ಕ್ರೂ ಗೇಜಿನಿಂದ ಐದು ಕಡೆ ನೋಡಿ. ಸರಾಸರಿಗಿಂತ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದ ತುಂಡನ್ನು ಕತ್ತರಿಸಿ ಬದಿಗಿಡಿ.

ಗಂಟು ಹಾಕುವ ಸ್ನಾನ

ಇದನ್ನು ಫ್ಯೂಮ್ ಹುಡ್‌ನಲ್ಲೇ ಮಾಡಬೇಕು. ಗ್ಲುಟರಾಲ್ಡಿಹೈಡ್‌ನ ಆವಿ ಶ್ವಾಸಕೋಶವನ್ನು ಕೆರಳಿಸುತ್ತದೆ, ಕೆಲವರಿಗೆ ಆಜೀವ ಅಲರ್ಜಿ ತರುತ್ತದೆ. ನೈಟ್ರೈಲ್ ಕೈಗವಸು, ಕನ್ನಡಕ ಬೇಕೇ ಬೇಕು. ಅಸಿಟೋನ್ ಇರುವುದರಿಂದ ಹತ್ತಿರ ಬೆಂಕಿ, ಹಾಟ್‌ಪ್ಲೇಟ್ ಇರಕೂಡದು.

ಅರ್ಧ ಲೀಟರ್ ಸ್ನಾನಕ್ಕೆ 350 ಮಿ.ಲೀ. ಅಸಿಟೋನ್, 150 ಮಿ.ಲೀ. ನೀರು, ಶೇ. 25ರ ಗ್ಲುಟರಾಲ್ಡಿಹೈಡ್ 12.5 ಮಿ.ಲೀ., ಕೊನೆಯಲ್ಲಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ 12.5 ಮಿ.ಲೀ. ಅಸಿಟೋನ್ ಯಾಕೆ? ಬರೀ ನೀರಲ್ಲಿ ಅದ್ದಿದರೆ ಗಂಟು ಬೀಳುವ ಮೊದಲೇ ಪೊರೆ ಉಬ್ಬಿ ಲೋಳೆಯಾಗುತ್ತದೆ. ಪೂರಾ ಅಸಿಟೋನ್ ಆದರೆ ಪೊರೆ ಮುದುಡಿಕೊಂಡು ಆಲ್ಡಿಹೈಡ್ ಒಳಗಿಳಿಯುವುದೇ ಇಲ್ಲ. ಆಲ್ಡಿಹೈಡ್‌ನ ಎರಡು ತುದಿಗಳು ಬೇರೆ ಬೇರೆ ಸರಪಳಿಗಳ ಹೈಡ್ರಾಕ್ಸಿಲ್‌ಗಳನ್ನು ಹಿಡಿದು ಅಸಿಟಾಲ್ ಕೊಂಡಿಯಾಗುತ್ತವೆ. ಆಮ್ಲ ಅದಕ್ಕೆ ಪ್ರೇರಕ.

ಪೊರೆಯನ್ನು ಎರಡು ಪ್ಲಾಸ್ಟಿಕ್ ಜಾಲರಿಗಳ ನಡುವೆ ಸಡಿಲಾಗಿ ಹಿಡಿಸಿ, ಮುಚ್ಚಿದ ತಟ್ಟೆಯಲ್ಲಿ 12 ತಾಸು ಅದ್ದಿಡಿ. ತೆಗೆದು ಡಿಸ್ಟಿಲ್ಡ್ ನೀರಲ್ಲಿ ಐದಾರು ಸಲ, ತೊಳೆದ ನೀರಿನ ಪಿಎಚ್ 6ರ ಮೇಲೆ ಬರುವವರೆಗೆ ತೊಳೆಯಿರಿ. ಇಲ್ಲಿ ಅವಸರ ಮಾಡಿದವರ ಪೊರೆ ಹದಿನೈದು ದಿನದಲ್ಲಿ ಕೈಕೊಡುತ್ತದೆ. ಅಸಿಟಾಲ್ ಕೊಂಡಿ ಕಟ್ಟಲು ನೆರವಾದ ಆಮ್ಲವೇ, ನೀರು ಸಿಕ್ಕಿದರೆ, ಅದನ್ನು ಬಿಚ್ಚಲೂ ನೆರವಾಗುತ್ತದೆ. ತೊಳೆದ ಮೇಲೆ ಒಂದು ದಿನ ಗಾಳಿಯಲ್ಲಿ, ಆಮೇಲೆ 40 ಡಿಗ್ರಿ ಓವನ್‌ನಲ್ಲಿ ಮೂರ್ನಾಲ್ಕು ತಾಸು ಒಣಗಿಸಿ.

ಪರೀಕ್ಷೆ ಎರಡು. ಬೆರಳಗಲದ ತುಂಡನ್ನು 90 ಡಿಗ್ರಿ ನೀರಿಗೆ ಒಂದು ತಾಸು ಹಾಕಿ: ಕರಗಿದರೆ ಗಂಟೇ ಬಿದ್ದಿಲ್ಲ. ಇನ್ನೊಂದು ತುಂಡನ್ನು ಒಣಗಿದಾಗ ತೂಗಿ, ನೀವು ಬಳಸಲಿರುವ ಐಪಿಎ-ನೀರಿನ ಮಿಶ್ರಣದಲ್ಲಿ 30 ಡಿಗ್ರಿಯಲ್ಲಿ 24 ತಾಸು ನೆನೆಸಿ, ಟಿಶ್ಯೂ ಕಾಗದದಿಂದ ಮೇಲಿನ ತೇವ ಒತ್ತಿ ತೆಗೆದು ಕೂಡಲೇ ತೂಗಿ. ಹೆಚ್ಚಿದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಉಬ್ಬುವಿಕೆಯ ಶೇಕಡಾ. ಮಳೆಗಾಲದಲ್ಲಿ ಒಣ ಪೊರೆ ತಕ್ಕಡಿಯ ಮೇಲೆ ಇದ್ದಂತೆಯೇ ತೇವ ಹೀರಿ ತೂಕ ಏರುತ್ತ ಹೋಗುವುದು ಕಣ್ಣಿಗೇ ಕಾಣುತ್ತದೆ. ಡೆಸಿಕೇಟರ್‌ನಿಂದ ಮುಚ್ಚಳವಿರುವ ತೂಕದ ಬಾಟಲಿಯಲ್ಲೇ ತಕ್ಕಡಿಗೆ ತನ್ನಿ.

ಸೆಲ್ ಮತ್ತು ನಿರ್ವಾತ

ಸೆಲ್ ಎಂದರೆ 316 ಸ್ಟೇನ್‌ಲೆಸ್ ಸ್ಟೀಲಿನ ಎರಡು ಫ್ಲ್ಯಾಂಜ್‌ಗಳು. ಮೇಲಿನದರಲ್ಲಿ 300 ಮಿ.ಲೀ. ದ್ರವ ಹಿಡಿಯುವ ಕೋಶ, ಸುತ್ತ ಬಿಸಿನೀರಿನ ಜಾಕೆಟ್, ಪೊರೆಗೆ ಸ್ವಲ್ಪ ಮೇಲೆ ತಿರುಗುವ ಕಲಕಿ. ಕೆಳಗಿನದರಲ್ಲಿ ಸಣ್ಣ ತೂತಿನ ಲೋಹದ ತಟ್ಟೆ, ಅದರ ಮೇಲೆ ಫಿಲ್ಟರ್ ಕಾಗದ, ಅದರ ಮೇಲೆ ಪೊರೆ, ಇಪಿಡಿಎಂ ಓ-ರಿಂಗ್. ಒಳವ್ಯಾಸ 6 ಸೆಂ.ಮೀ. ಇದ್ದರೆ ಕೆಲಸ ಮಾಡುವ ವಿಸ್ತೀರ್ಣ 28.3 ಚದರ ಸೆಂ.ಮೀ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಬದಿ ಪೂರಾ ಬಿಗಿದರೆ ಓ-ರಿಂಗ್ ಅಂಚಿನಲ್ಲಿ ಪೊರೆ ಕತ್ತರಿಸಿಹೋಗುತ್ತದೆ. ಕಲಕಿ ನಿಮಿಷಕ್ಕೆ 200 ಸುತ್ತು ತಿರುಗಲಿ. ನಿಂತ ದ್ರವದಲ್ಲಿ ಪೊರೆಗೆ ತಾಗಿದ ಪದರದ ನೀರು ಖಾಲಿಯಾಗಿ, ಹೊಸ ನೀರು ಬರುವುದು ತಡವಾಗುತ್ತದೆ.

ಸೆಲ್‌ನಿಂದ ಟ್ರ್ಯಾಪ್, ಟ್ರ್ಯಾಪ್‌ನಿಂದ ಎರಡು ಹಂತದ ಆಯಿಲ್ ವ್ಯಾಕ್ಯೂಮ್ ಪಂಪ್. ಸೆಲ್‌ಗೂ ಟ್ರ್ಯಾಪಿಗೂ ನಡುವೆ ಒಂದು ವಾಲ್ವ್, ಪಂಪಿನ ಮುಂದೆ ಇನ್ನೊಂದು. ಕರೆಂಟ್ ಹೋದಾಗ ಪಂಪಿನ ಎಣ್ಣೆ ಹಿಂದಕ್ಕೆ ಎಳೆದುಕೊಂಡು ಟ್ರ್ಯಾಪಿಗೆ ಬರುತ್ತದೆ. ಬೇಸಿಗೆಯಲ್ಲಿ ಇದು ಅಪರೂಪದ ಮಾತಲ್ಲ. ಎಣ್ಣೆ ತಡೆಯುವ ವಾಲ್ವ್ ಇರುವ ಪಂಪನ್ನೇ ಕೊಳ್ಳಿ.

ಈಗ ಡಯಲ್ ಗೇಜಿನ ವಿಷಯ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾಯುಭಾರ 760 ಅಲ್ಲ, 695 ಮಿ.ಮೀ. ಪಾದರಸದ ಆಸುಪಾಸು. ವಿಜಯಪುರದಲ್ಲಿ ಅದಕ್ಕಿಂತ ಹತ್ತು-ಹನ್ನೆರಡು ಹೆಚ್ಚು. ಡಯಲ್ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಕಡಿಮೆ ಎಂಬುದನ್ನು ಮಾತ್ರ. ಮುಳ್ಳು 680ಕ್ಕೆ ನಿಂತರೆ ‘ಪಂಪು ಸರಿಯಿಲ್ಲ, 80 ಬಾಕಿ ಇದೆ’ ಎಂದು ಒಬ್ಬರು, ‘ಅದ್ಭುತ ನಿರ್ವಾತ’ ಎಂದು ಇನ್ನೊಬ್ಬರು. ನಿಜದಲ್ಲಿ ಒಳಗೆ 15 ಮಿ.ಮೀ., ಅಂದರೆ 20 ಮಿಲಿಬಾರ್ ಉಳಿದಿದೆ. ನಮ್ಮ ಕೆಲಸಕ್ಕೆ ಅದು ಏನೇನೂ ಸಾಲದು. ಬೇಕಾದ್ದು 1 ಮಿಲಿಬಾರ್‌ಗಿಂತ ಕೆಳಗೆ. ಅದನ್ನು ಅಳೆಯಲು ನಿರಪೇಕ್ಷ ಒತ್ತಡ ತೋರಿಸುವ ಗೇಜ್ ಬೇಕು. ಪಿರಾನಿ ಗೇಜ್ ನೀರಾವಿ ಇರುವಾಗ ಸ್ವಲ್ಪ ಬೇರೆ ಓದುತ್ತದೆ, ಆದರೂ ಡಯಲ್‌ಗಿಂತ ಸಾವಿರ ಪಾಲು ಮೇಲು.

ಸೋರಿಕೆ ನೋಡಲು ಪೊರೆಯ ಜಾಗದಲ್ಲಿ ತೆಳು ಅಲ್ಯೂಮಿನಿಯಂ ತಗಡು ಕೂರಿಸಿ, ನಿರ್ವಾತ ಎಳೆದು, ಪಂಪಿನ ವಾಲ್ವ್ ಮುಚ್ಚಿ. ಹತ್ತು ನಿಮಿಷದಲ್ಲಿ ಒತ್ತಡ 1 ಮಿಲಿಬಾರ್‌ಗಿಂತ ಹೆಚ್ಚು ಏರಿದರೆ ಕೀಲುಗಳನ್ನು ಮತ್ತೆ ನೋಡಬೇಕು. ಇದನ್ನು ದಾಟಿದ ಮೇಲೆಯೇ ಪೊರೆ ಕೂರಿಸಿ.

ಟ್ರ್ಯಾಪ್ ತಣ್ಣಗಿರಬೇಕು, ಸುಳ್ಳು ಹೇಳಬಾರದು

ಟ್ರ್ಯಾಪನ್ನು ಐಸ್-ಉಪ್ಪಿನಲ್ಲಿಟ್ಟು ಕೆಲಸ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ನೋಡಿ. ಮೈನಸ್ 20 ಡಿಗ್ರಿಯಲ್ಲಿ ಮಂಜುಗಡ್ಡೆಯ ಆವಿ ಒತ್ತಡ 1 ಮಿಲಿಬಾರ್. ಪಂಪು ಎಷ್ಟೇ ಒಳ್ಳೆಯದಿರಲಿ, ಅದಕ್ಕಿಂತ ಕೆಳಗಿಳಿಯಬೇಕಾದರೆ ಟ್ರ್ಯಾಪಿನ ಮಂಜನ್ನೇ ಎಳೆಯುತ್ತಿರಬೇಕು. ಐಪಿಎಯ ಆವಿ ಒತ್ತಡ ಅದೇ ತಾಪದಲ್ಲಿ ಅದಕ್ಕೂ ಹೆಚ್ಚು. ಆಗ ನೀರು ಟ್ರ್ಯಾಪಿನಲ್ಲಿ ಉಳಿಯುತ್ತದೆ, ನುಸುಳಿದ ಐಪಿಎ ಪಂಪಿಗೆ ಹೋಗುತ್ತದೆ. ಟ್ರ್ಯಾಪಿನಲ್ಲಿ ಸಿಕ್ಕಿದ್ದನ್ನು ಅಳೆದರೆ ಹೆಚ್ಚುಕಡಿಮೆ ಶುದ್ಧ ನೀರು! ಪೊರೆ ಬಹಳ ಚೆನ್ನಾಗಿದೆ ಎಂದು ವರದಿ ಬರೆದಾಗುತ್ತದೆ. ಕೆಟ್ಟ ಟ್ರ್ಯಾಪ್ ಪೊರೆಯನ್ನು ಹೊಗಳುತ್ತದೆ, ಇದು ಈ ಕೆಲಸದಲ್ಲಿ ಕಾಣುವ ಅತಿ ದೊಡ್ಡ ಮೋಸ.

ದ್ರವ ಸಾರಜನಕ ಉತ್ತಮ. ಹಸು-ಎಮ್ಮೆಗಳ ಕೃತಕ ಗರ್ಭಧಾರಣೆಗೆ ಪಶು ಆಸ್ಪತ್ರೆಗಳಲ್ಲಿ ಬಳಸುವಂಥ ಕ್ಯಾನಿನಲ್ಲೇ ಇದು ಬರುತ್ತದೆ, ಗ್ಯಾಸ್ ಪೂರೈಕೆದಾರರಿಂದ ತರಿಸಬಹುದು. ಮುಚ್ಚಿದ ಕೋಣೆಯಲ್ಲಿ, ಲಿಫ್ಟಿನಲ್ಲಿ, ಕಿಟಕಿ ಏರಿಸಿದ ಕಾರಿನಲ್ಲಿ ಒಯ್ಯಬೇಡಿ. ಅದು ಆವಿಯಾಗಿ ಉಸಿರಾಟದ ಗಾಳಿಯನ್ನೇ ಹೊರತಳ್ಳುತ್ತದೆ. ಇನ್ನೆರಡು ಎಚ್ಚರಿಕೆ: ನಿರ್ವಾತ ಪೂರ್ತಿ ಬಂದ ಮೇಲೆ ಮಾತ್ರ ಟ್ರ್ಯಾಪನ್ನು ಸಾರಜನಕದಲ್ಲಿ ಮುಳುಗಿಸಿ. ಗಾಳಿ ಹಾಯುತ್ತಿರುವಾಗ ಮುಳುಗಿಸಿದರೆ ಆಮ್ಲಜನಕ ದ್ರವವಾಗಿ ಟ್ರ್ಯಾಪಿನಲ್ಲಿ ಕೂರುತ್ತದೆ, ಅದರ ಜೊತೆ ಆಲ್ಕೊಹಾಲ್ ಸೇರಿದರೆ ಸ್ಫೋಟವಾಗಬಹುದು. ಮುಗಿದ ಮೇಲೆ ಟ್ರ್ಯಾಪನ್ನು ಎರಡೂ ಕಡೆ ಮುಚ್ಚಿ ಬೆಚ್ಚಗಾಗಲು ಬಿಡಬೇಡಿ. ಸಾರಜನಕದ ಪಾತ್ರೆ ಕೆಳಗಿಳಿಸಿ, ತಕ್ಷಣ ಗಾಳಿ ಬಿಡಿ, ಆಮೇಲೆ ಬಿಚ್ಚಿ ಬಿರಡೆ ಹಾಕಿ.

ಡ್ರೈ ಐಸ್-ಅಸಿಟೋನ್ ಸ್ನಾನವೂ ನಡೆಯುತ್ತದೆ, ಮೈನಸ್ 78 ಡಿಗ್ರಿ. ಯಾವುದೇ ಇರಲಿ, ಎರಡು ಟ್ರ್ಯಾಪ್‌ಗಳನ್ನು ಸಾಲಾಗಿ ಜೋಡಿಸಿ. ಎರಡನೆಯದರಲ್ಲಿ ಏನಾದರೂ ಸಿಕ್ಕಿದರೆ ಮೊದಲನೆಯದು ಸಾಲುತ್ತಿಲ್ಲ.

ಓಡಿಸುವ ಕ್ರಮ

1. 270 ಗ್ರಾಂ ಐಪಿಎಗೆ 30 ಗ್ರಾಂ ಡಿಸ್ಟಿಲ್ಡ್ ನೀರು. ಬಾಟಲಿಯ ಐಪಿಎಯಲ್ಲೇ ಎಷ್ಟು ನೀರಿದೆ ಎಂದು ಕಾರ್ಲ್ ಫಿಶರ್ ಟೈಟ್ರೇಶನ್‌ನಿಂದ ಮೊದಲೇ ನೋಡಿ.
2. ಸೆಲ್‌ಗೆ ಸುರಿದು, 30 ಡಿಗ್ರಿಗೆ ತಂದು, ಎರಡು ತಾಸು ಸುಮ್ಮನೆ ಬಿಡಿ. ಪೊರೆ ಉಬ್ಬಿ ಒಂದು ಸ್ಥಿತಿಗೆ ಬರಲಿ.
3. ನಿರ್ವಾತ ಎಳೆಯಿರಿ. ಮೊದಲ ಒಂದೆರಡು ತಾಸಿನಲ್ಲಿ ಬಂದದ್ದನ್ನು ಚೆಲ್ಲಿ. ಪೊರೆಯ ಕೆಳಮೈ ಒಣಗುತ್ತಿರುವ ಹೊತ್ತಿನ ಅಂಕಿ ನಂಬುವಂಥದಲ್ಲ.
4. ತೂಗಿದ ಹೊಸ ಟ್ರ್ಯಾಪ್ ಹಾಕಿ ಐದು ತಾಸು ಹಿಡಿಯಿರಿ. ಪ್ರತಿ ತಾಸು ಒತ್ತಡ, ತಾಪ ಬರೆದಿಡಿ.
5. ಬಿರಡೆ ಹಾಕಿದ ಟ್ರ್ಯಾಪ್ ಕೋಣೆಯ ತಾಪಕ್ಕೆ ಬಂದು, ಹೊರಮೈಯ ಬೆವರು ಪೂರ್ತಿ ಒರೆಸಿದ ಮೇಲಷ್ಟೇ ತೂಗಿ. ತಣ್ಣನೆಯ ಗಾಜಿನ ಮೇಲೆ ಮಳೆಗಾಲದಲ್ಲಿ ಕೂರುವ ತೇವ, ಒಳಗೆ ಸಿಕ್ಕಿದ ನೀರಿನಷ್ಟೇ ತೂಗಬಲ್ಲದು.
6. ಇಂಥ ಮೂರು ಓಟಗಳ ಅಂಕಿ ಹತ್ತಿರ ಹತ್ತಿರ ಬಂದರೆ ಸರಾಸರಿ ತೆಗೆಯಿರಿ.

ಸಿಕ್ಕ ದ್ರವದಲ್ಲಿ ಎಷ್ಟು ಆಲ್ಕೊಹಾಲ್ ಇದೆ ಎಂದು ನೋಡಲು ವಕ್ರೀಭವನ ಅಳೆಯುವ ಆಬೆ ರಿಫ್ರಾಕ್ಟೋಮೀಟರ್‌ಗೆ ಎರಡು ಹನಿ ಸಾಕು. 0, 2, 5, 10, 15, 20 ಶೇಕಡಾ ಐಪಿಎಯ ಮಿಶ್ರಣಗಳನ್ನು ತೂಗಿ ಮಾಡಿ ರೇಖೆ ಎಳೆದುಕೊಳ್ಳಿ, ಎಲ್ಲ ಅಳತೆ ಒಂದೇ ತಾಪದಲ್ಲಿರಲಿ. ಆದರೆ ಇದೇ ಉಪಕರಣವನ್ನು ಪೊರೆಯ ಮೇಲಿನ ಆಲ್ಕೊಹಾಲ್‌ಗೆ ಹಚ್ಚಬೇಡಿ. ಎಥೆನಾಲ್-ನೀರಿನ ವಕ್ರೀಭವನ ಶೇ. 75-80ರ ಹತ್ತಿರ ಶಿಖರ ಮುಟ್ಟಿ ಮತ್ತೆ ಇಳಿಯುತ್ತದೆ. ಒಂದೇ ಓದಿಗೆ ಎರಡು ಉತ್ತರ ಸಿಗುತ್ತವೆ. ಅಲ್ಲಿ ಕಾರ್ಲ್ ಫಿಶರ್ ಒಂದೇ ನಂಬಿಕೆಯದು.

ಲೆಕ್ಕ

ಉದಾಹರಣೆಗೆ ಐದು ತಾಸಿನಲ್ಲಿ 0.85 ಗ್ರಾಂ ಸಿಕ್ಕಿತು ಎನ್ನಿ, ಅದರಲ್ಲಿ ಶೇ. 95 ನೀರು. ವಿಸ್ತೀರ್ಣ 0.00283 ಚದರ ಮೀಟರ್. 0.00085 ಕೆ.ಜಿ.ಯನ್ನು ವಿಸ್ತೀರ್ಣದಿಂದಲೂ ಐದರಿಂದಲೂ ಭಾಗಿಸಿದರೆ ಫ್ಲಕ್ಸ್ 0.06: ಒಂದು ಚದರ ಮೀಟರ್ ಪೊರೆಯಿಂದ ತಾಸಿಗೆ 60 ಗ್ರಾಂ.

ಆಯ್ಕೆಯ ಅಂಕಿಗೆ (ಪೊರೆ ಆಲ್ಕೊಹಾಲ್ ಬಿಟ್ಟು ನೀರನ್ನು ಎಷ್ಟು ಆರಿಸುತ್ತದೆ ಎಂಬುದಕ್ಕೆ), ಹಾದುಬಂದದ್ದರಲ್ಲಿ ನೀರು-ಆಲ್ಕೊಹಾಲ್ ಅನುಪಾತ 95/5, ಅಂದರೆ 19. ಮೇಲಿನ ಮಿಶ್ರಣದಲ್ಲಿ 10/90, ಅಂದರೆ 0.111. ಒಂದನ್ನೊಂದು ಭಾಗಿಸಿದರೆ 171. ಈಗ ಅಳತೆಯಲ್ಲಿ ಒಂದೇ ಶೇಕಡಾ ತಪ್ಪಿ 96 ಎಂದು ಓದಿದಿರಿ ಎಂದುಕೊಳ್ಳಿ: ಅಂಕಿ 216 ಆಯಿತು. 99 ಎಂದರೆ 891. ಆಯ್ಕೆಯ ಅಂಕಿ ಸಾವಿರ, ಹತ್ತು ಸಾವಿರ ಎಂದು ಬರೆದ ಕಡೆ, ಹಾದುಬಂದ ಶೇಕಡಾವನ್ನೂ ಅದರ ಅಳತೆಯ ತಪ್ಪನ್ನೂ ಪಕ್ಕದಲ್ಲೇ ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಫ್ಲಕ್ಸ್ ಹಠಾತ್ತನೆ ಹಲವು ಪಟ್ಟು ಏರಿ ಆಯ್ಕೆ 1ರ ಹತ್ತಿರ ಇಳಿದರೆ ತೂತು. ಎರಡೂ ಮೆಲ್ಲಗೆ ಆ ದಿಕ್ಕಿಗೆ ಜಾರುತ್ತಿದ್ದರೆ ಗಂಟು ಬಿಚ್ಚುತ್ತಿದೆ, ಮಿಶ್ರಣದ ಪಿಎಚ್ ನೋಡಿ. ಫ್ಲಕ್ಸ್ ಮಾತ್ರ ಇಳಿಯುತ್ತಿದ್ದರೆ ಟ್ರ್ಯಾಪಿನ ಬಾಯಲ್ಲಿ ಮಂಜು ಕಟ್ಟಿ ದಾರಿ ಮುಚ್ಚಿರುವ ಸಾಧ್ಯತೆಯೇ ಹೆಚ್ಚು, ಪೊರೆಯನ್ನು ಬೈಯುವ ಮೊದಲು ಅದನ್ನು ನೋಡಿ.

ತೆಳು ಪದರ

40 ಮೈಕ್ರಾನ್ ಪೊರೆ ಕಲಿಯಲು ಸರಿ, ದುಡಿಯಲು ಅಲ್ಲ. ಕಾರ್ಖಾನೆಯ ಪೊರೆಯಲ್ಲಿ ಪಿವಿಎ ಒಂದೆರಡು ಮೈಕ್ರಾನ್ ಮಾತ್ರ. ಅದರ ಕೆಳಗೆ ಪಾಲಿಅಕ್ರೈಲೋನೈಟ್ರೈಲ್‌ನ ರಂಧ್ರಭರಿತ ಪದರ, ಅದರಡಿ ಪಾಲಿಯೆಸ್ಟರ್ ಬಟ್ಟೆ. ಲ್ಯಾಬಿನಲ್ಲಿ ಮಾಡಲು ಶೇ. 2ರ ಪಿವಿಎ ದ್ರಾವಣ 100 ಗ್ರಾಂಗೆ ಶೇ. 25ರ ಗ್ಲುಟರಾಲ್ಡಿಹೈಡ್ 0.5 ಮಿ.ಲೀ., 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 0.5 ಮಿ.ಲೀ. ಸೇರಿಸಿ, ಅರ್ಧ ಗಂಟೆಯೊಳಗೆ 125 ಮೈಕ್ರಾನ್ ಸಂದಿಯ ಬ್ಲೇಡಿನಿಂದ ಆ ಆಧಾರದ ಮೇಲೆ ಎಳೆಯಿರಿ. ಇಷ್ಟು ಆಲ್ಡಿಹೈಡ್ ಪೂರ್ತಿ ಕೂಡಿಕೊಂಡರೂ ಹೈಡ್ರಾಕ್ಸಿಲ್‌ಗಳಲ್ಲಿ ಶೇ. 12ರಷ್ಟನ್ನು ಮಾತ್ರ ಹಿಡಿಯುತ್ತದೆ, ಉಳಿದವು ನೀರನ್ನು ಕರೆಯಲು ಬೇಕು. ಒಂದು ಧೂಳಿನ ಕಣ ಸಾಕು ತೂತಾಗಲು, ಆದ್ದರಿಂದ ಎರಡನೇ ಪದರ ಎಳೆಯುವುದು ರೂಢಿ. ಕೈಟೋಸಾನ್, ಸೋಡಿಯಂ ಆಲ್ಜಿನೇಟ್ ಪೊರೆಗಳೂ ಇವೆ, ಫ್ಲಕ್ಸ್ ಚೆನ್ನ, ಬಾಳಿಕೆಯಲ್ಲಿ ಪಿವಿಎಗೆ ಸಾಟಿಯಲ್ಲ.

ಡಿಸ್ಟಿಲರಿಗೆ ಬಂದರೆ

100 ಕೆ.ಜಿ. ರೆಕ್ಟಿಫೈಡ್ ಸ್ಪಿರಿಟ್ಟಿನಲ್ಲಿ ನೀರು ಸುಮಾರು 7.6 ಕೆ.ಜಿ. ಅದರಲ್ಲಿ 7.1 ಕೆ.ಜಿ. ತೆಗೆಯಬೇಕು ಎನ್ನಿ. ಪೊರೆಯಲ್ಲಿ ಆವಿಯಾಗುವುದು ಇಷ್ಟು ನೀರೇ ಹೊರತು ಇಡೀ ಆಲ್ಕೊಹಾಲ್ ಅಲ್ಲ, ಈ ವಿಧಾನದ ಉಳಿತಾಯವೆಲ್ಲ ಇಲ್ಲಿದೆ. ಕೆ.ಜಿ.ಗೆ 2,330 ಕಿಲೋಜೂಲ್ ಹಿಡಿದರೆ 16,500 ಕಿಲೋಜೂಲ್. ಈ ಶಾಖ ಬರುವುದು ಹರಿಯುವ ಆಲ್ಕೊಹಾಲ್‌ನಿಂದಲೇ. ಅದರ ವಿಶಿಷ್ಟೋಷ್ಣ 2.9 ಎಂದರೆ ತಾಪ ಒಟ್ಟು 59 ಡಿಗ್ರಿ ಕುಸಿಯುತ್ತದೆ! ತಣ್ಣಗಾದ ಹಾಗೆ ಫ್ಲಕ್ಸ್ ಸಾಯುತ್ತದೆ. ಅದಕ್ಕೇ ಪೊರೆಯ ಪೆಟ್ಟಿಗೆಗಳನ್ನು ಐದಾರು ಹಂತಕ್ಕೆ ಹಂಚಿ, ಪ್ರತಿ ಹತ್ತು ಡಿಗ್ರಿ ಕುಸಿತಕ್ಕೊಂದು ಹೀಟರ್ ಇಡುತ್ತಾರೆ. ಕಂಬದ ಆವಿಯನ್ನೇ ನೇರ ಪೊರೆಗೆ ಹಾಯಿಸಿದರೆ ಈ ತಾಪತ್ರಯವಿಲ್ಲ.

ಕೊನೆಯ ಒಂದು ಶೇಕಡಾ ಎಲ್ಲಕ್ಕಿಂತ ಕಷ್ಟ. ತೂಕದಲ್ಲಿ ಶೇ. 99.5ರ ಎಥೆನಾಲ್ 70 ಡಿಗ್ರಿಯಲ್ಲಿದ್ದಾಗ ಅದರ ಮೇಲಿನ ನೀರಾವಿಯ ಪಾಲು ಬರೀ 10 ಮಿಲಿಬಾರ್ ಆಸುಪಾಸು. ಆಚೆ ಬದಿಯಲ್ಲಿ ಅದಕ್ಕಿಂತ ಕಡಿಮೆ ಇಲ್ಲದಿದ್ದರೆ ನೀರು ಒಂದು ಹನಿಯೂ ದಾಟದು, ಪೊರೆ ಯಾವುದಾದರೂ ಇರಲಿ. 10 ಮಿಲಿಬಾರ್‌ನಲ್ಲಿ ನೀರಾವಿ ದ್ರವವಾಗುವುದು 7 ಡಿಗ್ರಿಗೆ. ಬೇಸಿಗೆಯಲ್ಲಿ ವಿಜಯಪುರದ ಕೂಲಿಂಗ್ ಟವರಿನ ನೀರು 30 ಡಿಗ್ರಿ ಇದ್ದರೆ, ಅದರಿಂದ ತಣಿಯುವ ಕಂಡೆನ್ಸರ್ 42 ಮಿಲಿಬಾರ್‌ಗಿಂತ ಕೆಳಗೆ ಬರಲಾರದು. ಕೊನೆಯ ಹಂತಗಳಿಗೆ ಗ್ಲೈಕಾಲ್ ಚಿಲ್ಲರ್ ಬೇಕೇ ಬೇಕು. ಚಿಲ್ಲರ್ ಖರ್ಚು ಉಳಿಸಿ ಪೊರೆಯ ವಿಸ್ತೀರ್ಣ ಹೆಚ್ಚಿಸುವ ಪ್ರಸ್ತಾವ ಬಂದರೆ ಒಪ್ಪಬೇಡಿ. ತಳ್ಳುವ ಬಲವೇ ಇಲ್ಲದ ಕಡೆ ವಿಸ್ತೀರ್ಣ ಏನು ಮಾಡೀತು?

ವಿಸ್ತೀರ್ಣದ ಅಂದಾಜಿಗೆ ಫ್ರಾನ್ಸಿನ ಬೆಥೆನಿವಿಲ್‌ನಲ್ಲಿ 1988ರಲ್ಲಿ ಶುರುವಾದ ಸ್ಥಾವರವನ್ನು ನೋಡಬಹುದು: ದಿನಕ್ಕೆ 1,50,000 ಲೀಟರ್, ಪೊರೆ 2,000 ಚದರ ಮೀಟರಿಗೂ ಮಿಕ್ಕಿ. ದಿನದ ಸಾವಿರ ಲೀಟರಿಗೆ 14 ಚದರ ಮೀಟರ್ ಹತ್ತಿರ, ಅಂದರೆ ಸರಾಸರಿ ಫ್ಲಕ್ಸ್ ತಾಸಿಗೆ 150-200 ಗ್ರಾಂ. ಕೈಪಿಡಿಯಲ್ಲಿ ಯಾರಾದರೂ ಕೊನೆಯ ಹಂತಕ್ಕೂ ಒಂದು ಕೆ.ಜಿ. ಫ್ಲಕ್ಸ್ ತೋರಿಸಿದರೆ, ಆ ಅಂಕಿ ಎಷ್ಟು ಶೇಕಡಾ ನೀರಿರುವ ಮಿಶ್ರಣದ ಮೇಲೆ ಅಳೆದದ್ದು ಎಂದು ಕೇಳಿ.

ಪೊರೆಗೆ ಹೋಗುವ ಸ್ಪಿರಿಟ್ಟು 5 ಮೈಕ್ರಾನ್, ಆಮೇಲೆ 1 ಮೈಕ್ರಾನ್ ಫಿಲ್ಟರ್ ದಾಟಿರಲಿ. ಹುದುಗಿನಿಂದ ಬಂದ ಅಸಿಟಿಕ್ ಆಮ್ಲ ಕೊಂಡಿಗಳನ್ನು ತಿನ್ನುತ್ತದೆ, ಪಿಎಚ್ ತಟಸ್ಥದ ಹತ್ತಿರ ಇರಬೇಕು. ಕಾಸ್ಟಿಕ್ ಹೆಚ್ಚಾದರೂ ಆಧಾರದ ಪದರ ಹಾಳು. ಹಂಗಾಮು ಮುಗಿದು ನಿಲ್ಲಿಸುವಾಗ ಪೊರೆಯನ್ನು ನೀರಿನಿಂದ ತೊಳೆದು ಒಣಗಲು ಬಿಡಬೇಡಿ. ಉಬ್ಬಿದ ಪೊರೆ ಒಮ್ಮೆಲೇ ಕುಗ್ಗಿದಾಗ ಆಧಾರದಿಂದ ಎದ್ದು ಕೂದಲೆಳೆಯ ಬಿರುಕು ಬಿಡುತ್ತದೆ. ನಿರ್ವಾತವನ್ನು ಮೊದಲು ಬಿಟ್ಟು, ಪೆಟ್ಟಿಗೆಗಳನ್ನು ನಿಧಾನವಾಗಿ 40 ಡಿಗ್ರಿಗೆ ತಣಿಸಿ, ಶೇ. 95ರ ಸ್ಪಿರಿಟ್ಟು ತುಂಬಿಸಿ ವಾಲ್ವ್ ಮುಚ್ಚಿಡಿ. ಮುಂದಿನ ಹಂಗಾಮಿಗೆ ತೆರೆದಾಗ ಮೊದಲ ದಿನ ಅರ್ಧ ಹರಿವಿನಲ್ಲಿ ಓಡಿಸಿ, ಪ್ರತಿ ಹಂತದ ಪರ್ಮಿಯೇಟನ್ನು, ಅಂದರೆ ಪೊರೆ ಹಾದುಬಂದದ್ದನ್ನು, ಬೇರೆ ಬೇರೆ ಹಿಡಿದು ಆಲ್ಕೊಹಾಲ್ ನೋಡಿ. ಯಾವ ಪೆಟ್ಟಿಗೆಯಲ್ಲಿ ಅದು ಹೆಚ್ಚಿದೆಯೋ ಅದರ ಗ್ಯಾಸ್ಕೆಟ್ ಮೊದಲು ಬಿಚ್ಚಿ.